150 ಕಿ.ಮೀ. ಷರತ್ತು: ದೇವನಹಳ್ಳಿ ವಿಮಾನ ನಿಲ್ದಾಣ ಮತ್ತು ಅದನ್ನು ನಂಬಿರುವ ಊರುಗಳು

ಬೆಂಗಳೂರಿನ ವಿಮಾನ ನಿಲ್ದಾಣದ ಮಾತು ಬಂದರೆ ಜನ ಟಿ-2 ಟರ್ಮಿನಲ್‌ನ ಬಿದಿರು, ತೂಗಾಡುವ ಗಿಡಗಳು, 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಬಗ್ಗೆ ಹೇಳುತ್ತಾರೆ. ಇಲ್ಲದಿದ್ದರೆ ಹೆಬ್ಬಾಳದ ಟ್ರಾಫಿಕ್ ಬಗ್ಗೆ. 2004ರ ಒಪ್ಪಂದದಲ್ಲಿರುವ ಒಂದು ಷರತ್ತಿನ ಬಗ್ಗೆ ಮಾತಾಡುವವರು ಕಡಿಮೆ. ಆದರೆ ತುಮಕೂರು, ಕೋಲಾರ, ಮಂಡ್ಯ, ಹೊಸೂರಿನ ಜನ ವಿಮಾನ ಹತ್ತಲು ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಿದ್ದು ಆ ಷರತ್ತೇ.

ಅದು ಹೇಳುವುದು ಇಷ್ಟು. ದೇವನಹಳ್ಳಿ ನಿಲ್ದಾಣ ಶುರುವಾದ ದಿನದಿಂದ 25 ವರ್ಷ, ಅಲ್ಲಿಂದ ನೇರ ಗೆರೆ ಎಳೆದರೆ 150 ಕಿ.ಮೀ. ಒಳಗೆ ಬರುವ ಇನ್ನಾವ ಜಾಗದಲ್ಲೂ ಅಂತರರಾಷ್ಟ್ರೀಯ ನಿಲ್ದಾಣ ಬೆಳೆಸಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಡುವಂತಿಲ್ಲ. ದೇಶದೊಳಗಿನ ಹಾರಾಟದ ನಿಲ್ದಾಣಕ್ಕೂ ಇದೇ ಮಾತು. ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ ಇದೆ, ಅದೂ ದೇಶದೊಳಗಿನ ಹಾರಾಟಕ್ಕಷ್ಟೇ. ನಿಲ್ದಾಣ ತೆರೆದದ್ದು 2008ರ ಮೇ 24ರಂದು. ಅಲ್ಲಿಗೆ ಷರತ್ತು ಮುಗಿಯುವುದು 2033ರ ಮೇ ತಿಂಗಳಲ್ಲಿ.

ನಕ್ಷೆಯ ಮೇಲೆ ಈ ವೃತ್ತ ಬರೆದು ನೋಡಿ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ರಾಮನಗರ, ಮಂಡ್ಯ ಊರುಗಳು ಒಳಗೆ ಬರುತ್ತವೆ. ತಮಿಳುನಾಡಿನ ಹೊಸೂರು, ಕೃಷ್ಣಗಿರಿ ಒಳಗೆ. ಆಂಧ್ರದ ಹಿಂದೂಪುರ, ಮದನಪಲ್ಲಿ ಒಳಗೆ. ಮೂರು ರಾಜ್ಯಗಳ ಇಷ್ಟು ಜನಕ್ಕೆ ದೇವನಹಳ್ಳಿಯೊಂದೇ ಬಾಗಿಲು.

ಷರತ್ತೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಹುಟ್ಟಿದಾಗ ಗಟ್ಟಿಯಾದ ಕಾರಣವಿತ್ತು. ನನ್ನ ತಕರಾರು ಬೇರೆ. ಇಷ್ಟು ದೊಡ್ಡ ಪ್ರದೇಶಕ್ಕೆ ಒಂದೇ ಬಾಗಿಲು ಅಂತ ತೀರ್ಮಾನಿಸಿದ ಮೇಲೆ, ಅಲ್ಲಿಗೆ ಹೋಗುವ ಹಳಿಯೂ ಅದರ ಜೊತೆಗೇ ಬರಬೇಕಿತ್ತು. ಬರಲಿಲ್ಲ. ಈಗ ಎರಡನೇ ನಿಲ್ದಾಣದ ಮಾತು ಶುರುವಾಗಿದೆ. ಅದೇ ಕ್ರಮದಲ್ಲಿ ಮತ್ತೆ ಹೆಜ್ಜೆ ಇಡುವ ಮೊದಲು ಈ ಪ್ರಕರಣವನ್ನು ಪೂರ್ತಿ ನೋಡಬೇಕು ಅನಿಸಿತು.

ಷರತ್ತು ಹುಟ್ಟಿದ್ದು ಹೇಗೆ

2008ರ ತನಕ ಬೆಂಗಳೂರಿನ ವಿಮಾನಗಳೆಲ್ಲ ಇಳಿಯುತ್ತಿದ್ದದ್ದು ಎಚ್‌ಎಎಲ್‌ನಲ್ಲಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಆ ಕಾರ್ಖಾನೆಯ ಜೊತೆ ಬಂದ ನಿಲ್ದಾಣ ಅದು. ಆಗ ಅದು ಊರಾಚೆಯ ಬಯಲು. ಆಮೇಲೆ ಊರು ಬೆಳೆದು ಮುರುಗೇಶಪಾಳ್ಯ, ಮಾರತ್ತಹಳ್ಳಿ ಅದರ ಸುತ್ತ ಎದ್ದು ನಿಂತವು. ಒಂದೇ ರನ್‌ವೇ. ಅದರಲ್ಲೇ ಯುದ್ಧ ವಿಮಾನಗಳ ಪರೀಕ್ಷೆಯೂ ಆಗಬೇಕು, ಪ್ರಯಾಣಿಕರ ವಿಮಾನವೂ ಇಳಿಯಬೇಕು. ಹಿಗ್ಗಲು ಜಾಗವಿರಲಿಲ್ಲ.

1991ರಲ್ಲೇ ಎಸ್. ರಾಮನಾಥನ್ ನೇತೃತ್ವದ ಸಮಿತಿ ಹೊಸ ಜಾಗ ಹುಡುಕಿ ದೇವನಹಳ್ಳಿಯನ್ನು ಆರಿಸಿತ್ತು. ಖಾಸಗಿಯವರ ನೆರವಿನಿಂದ ಕಟ್ಟೋಣ ಅಂತ ರಾಜ್ಯ ಕೇಳಿತು, 1994ರಲ್ಲಿ ಕೇಂದ್ರ ಒಪ್ಪಿತು. 1995ರ ಡಿಸೆಂಬರ್‌ನಲ್ಲಿ ಟಾಟಾ, ಅಮೆರಿಕದ ರೇಥಿಯಾನ್, ಸಿಂಗಪುರದ ಚಾಂಗಿ ಸೇರಿ ಕಟ್ಟುವುದಾಗಿ ಒಡಂಬಡಿಕೆಗೆ ಸಹಿ ಹಾಕಿದರು. ಎರಡೂವರೆ ವರ್ಷ ಕಾದರು. ಒಪ್ಪಿಗೆಗಳು ತಡವಾದವು. ಜಾಗದ ಬಗ್ಗೆಯೇ ಜಗಳ ನಡೆದಿತ್ತು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಎಚ್‌ಎಎಲ್ ಮುಚ್ಚುತ್ತದೋ ಇಲ್ಲವೋ? ಉತ್ತರ ಸಿಗಲಿಲ್ಲ. 1998ರ ಜೂನ್‌ನಲ್ಲಿ ಅವರು ಕೈಬಿಟ್ಟು ಹೋದರು.

ಈ ಒಂದು ಘಟನೆ ಗೊತ್ತಿಲ್ಲದಿದ್ದರೆ 150 ಕಿ.ಮೀ. ಷರತ್ತು ಸುಮ್ನೆ ದುರಾಸೆ ಅನ್ನಿಸುತ್ತದೆ. ಹೂಡಿಕೆದಾರನ ಕಡೆಯಿಂದ ಯೋಚಿಸಿ. ಊರಿನಿಂದ 35 ಕಿ.ಮೀ. ದೂರದ ಹೊಲಗಳ ನಡುವೆ ಎರಡು ಸಾವಿರ ಕೋಟಿಯ ಹತ್ತಿರ ಸುರಿಯಬೇಕು. ನಾಳೆ ಸರ್ಕಾರ ಬದಲಾಗಿ ಹಳೇ ನಿಲ್ದಾಣವನ್ನೇ ಮತ್ತೆ ತೆರೆದರೆ? ಪಕ್ಕದ ಜಿಲ್ಲೆಯಲ್ಲಿ ಇನ್ನೊಂದಕ್ಕೆ ಒಪ್ಪಿಗೆ ಕೊಟ್ಟರೆ? ಸಾಲ ಕೊಡುವ ಬ್ಯಾಂಕಿನವರೂ ಮೊದಲು ಕೇಳುವುದು ಇದನ್ನೇ.

ಹಾಗಾಗಿ ಎರಡನೇ ಸಲ ಎಲ್ಲವನ್ನೂ ಬರವಣಿಗೆಯಲ್ಲಿ ಇಟ್ಟರು. 26% ಪಾಲು ಸರ್ಕಾರಿ ಸಂಸ್ಥೆಗಳಿಗೆ, ಅಂದರೆ ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ರಾಜ್ಯದ ಕೈಗಾರಿಕೆ, ಮೂಲಸೌಕರ್ಯ ಅಭಿವೃದ್ಧಿ ನಿಗಮವಾದ ಕೆಎಸ್‌ಐಐಡಿಸಿಗೆ. 74% ಖಾಸಗಿಯವರಿಗೆ. 2001ರಲ್ಲಿ ನಿಲ್ದಾಣ ಕಟ್ಟಿ ನಡೆಸಲು ಬಿಐಎಎಲ್ (ಬೆಂಗಳೂರು ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಲಿಮಿಟೆಡ್) ಕಂಪನಿ ಹುಟ್ಟಿತು. ಜ್ಯೂರಿಚ್ ವಿಮಾನ ನಿಲ್ದಾಣ, ಸೀಮೆನ್ಸ್, ಲಾರ್ಸೆನ್ ಅಂಡ್ ಟೂಬ್ರೊ ಪಾಲುದಾರರಾದರು. 2004ರ ಜುಲೈನಲ್ಲಿ ಒಪ್ಪಂದ ಆಯಿತು. ಎಚ್‌ಎಎಲ್‌ನಲ್ಲಿ ಪ್ರಯಾಣಿಕರ ವಿಮಾನ ನಿಲ್ಲಬೇಕು ಎಂಬುದೂ, 150 ಕಿ.ಮೀ. ರಕ್ಷಣೆಯೂ ಅದರಲ್ಲಿ ಬಂತು. ರಾಜ್ಯ ಸುಮಾರು 4,000 ಎಕರೆ ಜಮೀನು ಒದಗಿಸಿತು, 350 ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಕಂಪನಿ ತನ್ನ ಆದಾಯದ 4% ಕೇಂದ್ರಕ್ಕೆ ಕೊಡಬೇಕು, ಆದರೆ ಮೊದಲ 10 ವರ್ಷದ ಬಾಕಿಯನ್ನು ಆಮೇಲೆ ಕಟ್ಟಬಹುದು.

ಅಂದರೆ ನಿಲ್ದಾಣಕ್ಕೆ ಜನರ ಕಡೆಯಿಂದ ಜಮೀನು, ಸಾಲ, ಸಮಯ, ಪೈಪೋಟಿ ಇಲ್ಲದ ಪ್ರದೇಶ ಎಲ್ಲವೂ ಸಿಕ್ಕಿತು. ಇದನ್ನು ಮರೆಯಬಾರದು.

ಹುಟ್ಟುವಾಗಲೇ ತುಂಬಿದ ಕಟ್ಟಡ

2005ರ ಜುಲೈನಲ್ಲಿ ಕೆಲಸ ಶುರುವಾದಾಗ ವರ್ಷಕ್ಕೆ 45 ಲಕ್ಷ ಪ್ರಯಾಣಿಕರಿಗೆ ಅಂತ ಮೊದಲು ಹಾಕಿದ್ದ ನಕ್ಷೆ ಸಾಲದು ಅಂತ ಗೊತ್ತಾಯಿತು. ನಕ್ಷೆ ಬದಲಿಸಿ 1 ಕೋಟಿ 20 ಲಕ್ಷಕ್ಕೆ ಏರಿಸಿದರು. ಒಳ್ಳೆಯ ತೀರ್ಮಾನ. ಆದರೆ ಹಳೇ ನಿಲ್ದಾಣ ಮುಚ್ಚುವ ಹೊತ್ತಿಗೆ ಅಲ್ಲೇ ವರ್ಷಕ್ಕೆ ಸುಮಾರು 1 ಕೋಟಿ ಜನ ಓಡಾಡುತ್ತಿದ್ದರು. ಹೊಸ ಟರ್ಮಿನಲ್‌ನಲ್ಲಿ ಉಳಿದ ಜಾಗ ಎಷ್ಟು ಅಂತ ಲೆಕ್ಕ ಹಾಕಿ.

2008ರ ಮಾರ್ಚ್‌ನಲ್ಲಿ ಪ್ರಾಧಿಕಾರದ ನೌಕರರು ಎಚ್‌ಎಎಲ್ ಮತ್ತು ಹೈದರಾಬಾದಿನ ಬೇಗಂಪೇಟೆ ಮುಚ್ಚಬಾರದು ಅಂತ ಮುಷ್ಕರ ಮಾಡಿದರು. ಎರಡೂ ನಿಲ್ದಾಣ ಇರಲಿ ಎಂದು ಬೆಂಗಳೂರಿನಲ್ಲಿ ಅನೇಕರು ದನಿ ಎತ್ತಿದರು. ಒಪ್ಪಂದವೇ ಗೆದ್ದಿತು. ಇವತ್ತಿಗೂ ನಾವು ಆ ರಸ್ತೆಯನ್ನು ಹಳೇ ಏರ್‌ಪೋರ್ಟ್ ರೋಡ್ ಅಂತಲೇ ಕರೆಯುತ್ತೇವೆ.

ಆಮೇಲಿನ ಬೆಳವಣಿಗೆ ಎಲ್ಲರ ಅಂದಾಜನ್ನೂ ಮೀರಿತು. 2012–13ರಲ್ಲಿ ಪ್ರಯಾಣಿಕರು 1 ಕೋಟಿ 20 ಲಕ್ಷ ಮುಟ್ಟಿದರು. 2018–19ರಲ್ಲಿ 3 ಕೋಟಿ 33 ಲಕ್ಷ. ಕೊರೊನಾ ವರ್ಷದಲ್ಲಿ ಕುಸಿದು, ಮತ್ತೆ ಎದ್ದು 2024–25ರಲ್ಲಿ ಸುಮಾರು 4 ಕೋಟಿ 18 ಲಕ್ಷ. ದೆಹಲಿ, ಮುಂಬೈ ಬಿಟ್ಟರೆ ದೇಶದಲ್ಲಿ ಇದೇ ದೊಡ್ಡದು. 2013ರಲ್ಲಿ ಮೊದಲ ಟರ್ಮಿನಲ್ ಹಿಗ್ಗಿತು, ಅದೇ ವರ್ಷ ಕೆಂಪೇಗೌಡರ ಹೆಸರು ಬಂತು. 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇ. ಸುಮಾರು 5,000 ಕೋಟಿ ರೂಪಾಯಿಯ ಟಿ-2 ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ದೇಶದೊಳಗಿನ ವಿಮಾನಗಳು 2023ರ ಜನವರಿಯಲ್ಲಿ, ವಿದೇಶದವು ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಹಾರತೊಡಗಿದವು. ಈ ನಡುವೆ ಮೊದಲ ಪಾಲುದಾರರು ಪಾಲು ಮಾರಿ ಹೋದರು. ಹೈದರಾಬಾದಿನ ಜಿವಿಕೆ ಕಂಪನಿ ಬಂದು ಹೋಯಿತು. ಈಗ ದೊಡ್ಡ ಪಾಲು ಕೆನಡಾದ ಫೇರ್‌ಫ್ಯಾಕ್ಸ್‌ನದು.

ಷರತ್ತಿನ ಮೊದಲ ಕಾರಣ ಏನಾಗಿತ್ತು? ಹೊಸ ನಿಲ್ದಾಣಕ್ಕೆ ಜನ ಬರದಿದ್ದರೆ ಹೂಡಿದ ಹಣ ಮುಳುಗುತ್ತದೆ ಎಂಬ ಭಯ. ಆ ಭಯ ಮೊದಲ ಐದು ವರ್ಷದಲ್ಲೇ ತೀರಿತು ಅಂತ ಈ ಅಂಕಿಗಳು ಹೇಳುತ್ತವೆ. ಕಂಪನಿಯ ಕಡೆಗೂ ನ್ಯಾಯವಿದೆ. ಎರಡನೇ ರನ್‌ವೇ, ಟಿ-2 ಇವಕ್ಕೆಲ್ಲ ಮತ್ತೆ ಸಾಲ ಎತ್ತಿದ್ದು ಇದೇ ರಕ್ಷಣೆ ನಂಬಿ. ನಡುವೆ ಷರತ್ತು ಕಿತ್ತು ಹಾಕಿದ್ದರೆ ಮುಂದೆ ಯಾವ ಒಪ್ಪಂದಕ್ಕೂ ಬೆಲೆ ಇರುತ್ತಿರಲಿಲ್ಲ. ಆದ್ದರಿಂದ ಅದನ್ನು ಮುರಿಯಬೇಕಿತ್ತು ಅಂತ ನಾನು ವಾದಿಸುವುದಿಲ್ಲ. ಆ ಷರತ್ತಿನ ಒಳಗೆ ಸಿಕ್ಕಿಕೊಂಡ ಜನಕ್ಕೆ ಏನು ಮಾಡಿದೆವು ಎಂಬುದೇ ನನ್ನ ಪ್ರಶ್ನೆ.

ಯಾರಿಗೆ ಹತ್ತಿರವಾಯಿತು, ಯಾರಿಗೆ ದೂರವಾಯಿತು

ಉತ್ತರದವರಿಗೆ ಇದು ವರವೇ ಆಯಿತು. ಚಿಕ್ಕಬಳ್ಳಾಪುರದವರು ಅದೇ ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ಹೊತ್ತಿನಲ್ಲಿ ಬಂದು ಬಿಡುತ್ತಾರೆ. ಕೋಲಾರದವರು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮೇಲೆ ಬಂದರೆ ಬೆಂಗಳೂರಿನೊಳಗೆ ಕಾಲಿಡಬೇಕಾಗಿಲ್ಲ. ತುಮಕೂರಿನವರಿಗೆ ಮೊದಲು ಕಷ್ಟವಿತ್ತು. ಈಗ ಉಪನಗರ ವರ್ತುಲ ರಸ್ತೆಯ ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ದೇವನಹಳ್ಳಿ–ಹೊಸಕೋಟೆ ಭಾಗ ತೆರೆದ ಮೇಲೆ ಅವರಿಗೂ ನೆಲಮಂಗಲ, ಗೊರಗುಂಟೆಪಾಳ್ಯದ ಕಾಟ ತಪ್ಪಿದೆ. ಈ ರಸ್ತೆ ನಿಲ್ದಾಣದ ಜೊತೆಗೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಹದಿನೈದು ವರ್ಷ ತಡವಾಯಿತು.

ಮೈಸೂರಿನ ಕಥೆ ಬೇರೆ. ಅದನ್ನು ಸರಿಯಾಗಿ ನೋಡಬೇಕು, ಏಕೆಂದರೆ ಜನ ಸಾಮಾನ್ಯವಾಗಿ ಷರತ್ತಿನ ಮೇಲೆ ತಪ್ಪು ಹೊರಿಸುತ್ತಾರೆ. ದೇಶದೊಳಗಿನ ಹಾರಾಟಕ್ಕೆ ಮೈಸೂರಿಗೆ ವಿನಾಯಿತಿ ಮೊದಲಿನಿಂದಲೂ ಇದೆ. ಮಂಡಕಳ್ಳಿ ನಿಲ್ದಾಣ 1940ರ ಹಳೆಯದು. 2010ರಲ್ಲಿ ಹೊಸ ಟರ್ಮಿನಲ್ ಜೊತೆ ಮತ್ತೆ ತೆರೆಯಿತು. ಕಿಂಗ್‌ಫಿಷರ್ ಬಂತು, ಮರು ವರ್ಷವೇ ನಿಂತಿತು. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆ ಬಂದ ಮೇಲೆ ಚೆನ್ನೈ, ಹೈದರಾಬಾದ್ ಕಡೆ ಸಣ್ಣ ವಿಮಾನಗಳು ಹಾರಿದವು. ನಿಜವಾದ ತೊಡಕು ರನ್‌ವೇಯದು. ಅದರ ಉದ್ದ 1,740 ಮೀಟರ್. ಎಟಿಆರ್ ಥರದ ಪ್ರೊಪೆಲ್ಲರ್ ವಿಮಾನಕ್ಕೆ ಸಾಕು. ಏರ್‌ಬಸ್, ಬೋಯಿಂಗ್ ವಿಮಾನಗಳ ದಿನನಿತ್ಯದ ಹಾರಾಟಕ್ಕೆ ಸಾಲದು. ಉದ್ದ ಮಾಡೋಣ ಅಂದರೆ ನಂಜನಗೂಡು ಹೆದ್ದಾರಿ ಅಡ್ಡ ಬರುತ್ತದೆ, ಜಮೀನು ಬೇಕು, ಹಣ ಬೇಕು. ಅಂದರೆ ಕಾಗದದಲ್ಲಿ ಒಪ್ಪಿಗೆ ಇದ್ದೂ ನೆಲದ ಮೇಲೆ ಕೆಲಸ ಆಗಲಿಲ್ಲ. ಹಾಸನದ್ದೂ ಹೀಗೆಯೇ. ಭೂವನಹಳ್ಳಿಯಲ್ಲಿ 2007ರಲ್ಲಿ ಅಡಿಗಲ್ಲು ಬಿತ್ತು, ಕೆಲಸ ನಿಂತಿತು, ಎಷ್ಟೋ ವರ್ಷದ ಮೇಲೆ ಮತ್ತೆ ಶುರುವಾಯಿತು.

ಹಾಗಾಗಿ ಮೈಸೂರಿನವರ ನಿಲ್ದಾಣವೂ ದೇವನಹಳ್ಳಿಯೇ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ 2013ರಿಂದ ಮೈಸೂರು ಮತ್ತು ನಿಲ್ದಾಣದ ನಡುವೆ ನೇರ ಓಡುತ್ತಿದೆ. ಆಮೇಲೆ ಮಡಿಕೇರಿ, ದಾವಣಗೆರೆಗೂ ಅದೇ ಸೇವೆ ಹೋಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕೆಂಗೇರಿ ತನಕದ ದಾರಿ ಬೇಗ ಸಾಗುತ್ತದೆ. ಕೆಂಗೇರಿಯಿಂದ ಮುಂದೆ ಇಡೀ ಬೆಂಗಳೂರನ್ನು ದಾಟಬೇಕು. ಮಳೆ ಬಂದರೆ, ಸಂಜೆಯಾದರೆ ಈ ಎರಡನೇ ತುಂಡೇ ಮೊದಲನೆಯದಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಮೈಸೂರಿನ ಕುಟುಂಬವೊಂದು ವಿಮಾನಕ್ಕೆ ಐದಾರು ಗಂಟೆ ಮೊದಲೇ ಮನೆ ಬಿಡುವುದು ಇದಕ್ಕೇ. ಭಯ ಇರುವುದು ಹೆಬ್ಬಾಳದ್ದು, ಮದ್ದೂರಿನದ್ದಲ್ಲ.

ಷರತ್ತು ನೇರವಾಗಿ ಕಟ್ಟಿಹಾಕಿದ ಊರು ಯಾವುದು ಅಂದರೆ ಹೊಸೂರು. ಅಲ್ಲಿ ಟಾಲ್ ಕಂಪನಿಯ ಖಾಸಗಿ ರನ್‌ವೇ ಹಿಂದಿನಿಂದ ಇದೆ. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಥರದ ಕಾರ್ಖಾನೆಗಳಿವೆ. ಉಡಾನ್‌ನಲ್ಲಿ ಹೊಸೂರನ್ನು ಸೇರಿಸಿ ಅಂತ ತಮಿಳುನಾಡಿನವರು ಕೇಳಿದಾಗ, ಕೇಂದ್ರ ಸಂಸತ್ತಿನಲ್ಲಿ ಕೊಟ್ಟ ಉತ್ತರ ಇದೇ 150 ಕಿ.ಮೀ. ಷರತ್ತು. ಅಲ್ಲಿಯ ಜನ ದೇವನಹಳ್ಳಿಗೆ ಬರಬೇಕಾದರೆ ಅತ್ತಿಬೆಲೆ, ಎಲೆಕ್ಟ್ರಾನಿಕ್ ಸಿಟಿ, ಸಿಲ್ಕ್ ಬೋರ್ಡ್ ದಾಟಿ ಊರಿನ ಇನ್ನೊಂದು ತುದಿಗೆ ಹೋಗಬೇಕು. 2024ರ ಜೂನ್‌ನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಹೊಸೂರಿನಲ್ಲಿ 2,000 ಎಕರೆಯಲ್ಲಿ ವರ್ಷಕ್ಕೆ 3 ಕೋಟಿ ಪ್ರಯಾಣಿಕರ ನಿಲ್ದಾಣ ಕಟ್ಟುತ್ತೇವೆ ಅಂತ ವಿಧಾನಸಭೆಯಲ್ಲಿ ಹೇಳಿದರು. ಬೆಂಗಳೂರಿನಲ್ಲಿ ಇದನ್ನು ಪೈಪೋಟಿ ಅಂತ ಮಾತ್ರ ನೋಡಿದವರು ಜಾಸ್ತಿ. ನನಗೆ ಹಾಗನಿಸುವುದಿಲ್ಲ. ಆನೇಕಲ್, ಚಂದಾಪುರ, ಎಲೆಕ್ಟ್ರಾನಿಕ್ ಸಿಟಿಯ ನಮ್ಮವರಿಗೂ ಹೊಸೂರು ಎಷ್ಟೋ ಹತ್ತಿರ. ಹೊಸೂರಿನಲ್ಲೇ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ. ಇಷ್ಟು ವರ್ಷ ಅವರ ಕಷ್ಟವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂಬುದು ನಿಜ.

ವೃತ್ತದ ಹೊರಗೆ ಗಾಳಿ ಬೇರೆ ಥರ ಬೀಸಿತು. ಕಲಬುರಗಿಗೆ 2019ರ ನವೆಂಬರ್‌ನಲ್ಲಿ, ಬೀದರಿಗೆ 2020ರಲ್ಲಿ, ಶಿವಮೊಗ್ಗಕ್ಕೆ 2023ರ ಆಗಸ್ಟ್‌ನಲ್ಲಿ ವಿಮಾನ ಬಂತು. ಕಣ್ಣೂರು ನಿಲ್ದಾಣ 2018ರಲ್ಲಿ ತೆರೆದ ಮೇಲೆ ವಿರಾಜಪೇಟೆ ಕಡೆಯ ಕೊಡಗಿನವರು ಗಲ್ಫ್‌ಗೆ ಹೋಗಲು ಬೆಂಗಳೂರಿಗೆ ಬರಲೇಬೇಕೆಂದಿಲ್ಲ. ಮಂಗಳೂರಿಗಂತೂ ತನ್ನದೇ ಲೋಕವಿದೆ.

ಹಳಿ ಬರದ 17 ವರ್ಷ

ದೇವನಹಳ್ಳಿಗೆ ಹೈಸ್ಪೀಡ್ ರೈಲು ಹಾಕುತ್ತೇವೆ ಅಂತ ನಿಲ್ದಾಣ ತೆರೆಯುವ ಕಾಲದಲ್ಲೇ ಯೋಜನೆ ಇತ್ತು. ಮಿನ್ಸ್ಕ್ ಚೌಕದ ಹತ್ತಿರ ಊರೊಳಗೆ ಒಂದು ಟರ್ಮಿನಲ್, ಅಲ್ಲೇ ಬ್ಯಾಗ್ ಕೊಟ್ಟು ರೈಲು ಹತ್ತುವುದು. ಅದಕ್ಕಾಗಿ ಬೇರೆ ಕಂಪನಿಯನ್ನೂ ಮಾಡಿದ್ದರು. ಆಮೇಲೆ ಯೋಜನೆ ಕೈಬಿಟ್ಟರು. ನಿಲ್ದಾಣದ ಪಕ್ಕದಲ್ಲೇ ಯಲಹಂಕ–ದೇವನಹಳ್ಳಿ–ಚಿಕ್ಕಬಳ್ಳಾಪುರ ರೈಲು ಹಳಿ ಇತ್ತು. ಇದ್ದ ಹಳಿಗೆ ಒಂದು ಸಣ್ಣ ಹಾಲ್ಟ್ ಕಟ್ಟಿ ರೈಲು ನಿಲ್ಲಿಸಲು 2021ರ ಜನವರಿ ತನಕ ಬೇಕಾಯಿತು. ಈಗಲೂ ಅಲ್ಲಿ ನಿಲ್ಲುವ ರೈಲು ಬೆರಳೆಣಿಕೆ. ಇಳಿದ ಮೇಲೆ ಟರ್ಮಿನಲ್‌ಗೆ ಮತ್ತೆ ಬಸ್. ಉಪನಗರ ರೈಲಿನ ಸಂಪಿಗೆ ಮಾರ್ಗ ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಗೆ ಸುಮಾರು 41 ಕಿ.ಮೀ. ಅಂತ ನಕ್ಷೆಯಲ್ಲಿದೆ. ಮೆಟ್ರೊ ನೀಲಿ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ವಿಮಾನ ಹಾರತೊಡಗಿ 13 ವರ್ಷದ ಮೇಲೆ! ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲೆ 58 ಕಿ.ಮೀ. ಉದ್ದದ ಈ ಮಾರ್ಗಕ್ಕೆ 14,788 ಕೋಟಿ ರೂಪಾಯಿ ಅಂದಾಜು.

ಈ ಅವಧಿಯಲ್ಲಿ ಜನರನ್ನು ದಡ ಸೇರಿಸಿದ್ದು ಬಿಎಂಟಿಸಿಯ ವಾಯುವಜ್ರ. ಮೆಜೆಸ್ಟಿಕ್, ಬನಶಂಕರಿ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಎಲ್ಲಿಂದ ಬೇಕಾದರೂ ಸಿಗುತ್ತದೆ. ನಡುರಾತ್ರಿಯೂ ಓಡುತ್ತದೆ. ಮೊದಲ ಸಲ ವಿಮಾನ ಹತ್ತುವ ಮಗನನ್ನು ಕಳಿಸಲು ಬಂದ ಅಪ್ಪ ಅಮ್ಮನೂ ಅದರಲ್ಲೇ, ಕಂಪನಿ ಕೆಲಸಕ್ಕೆ ಹೋಗುವವರೂ ಅದರಲ್ಲೇ. ಈ ನಿಲ್ದಾಣದ ಪ್ರಾದೇಶಿಕ ಪಾತ್ರದ ಬಗ್ಗೆ ಯಾರಾದರೂ ಪುಸ್ತಕ ಬರೆದರೆ ವಾಯುವಜ್ರ ಮತ್ತು ಫ್ಲೈಬಸ್‌ಗೆ ಒಂದು ಇಡೀ ಅಧ್ಯಾಯ ಕೊಡಬೇಕು. ಆದರೆ ಬಸ್ಸೂ ಅದೇ ರಸ್ತೆಯಲ್ಲಿ ನಿಲ್ಲಬೇಕು. 2014ರಲ್ಲಿ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಬಂದ ಮೇಲೆ ಹೆಬ್ಬಾಳದಿಂದಾಚೆ ಸಲೀಸಾಯಿತು, ಹೆಬ್ಬಾಳಕ್ಕೆ ಮೊದಲು ಸಿಕ್ಕಿಕೊಳ್ಳುವುದು ತಪ್ಪಲಿಲ್ಲ.

ಹೂವಿಗೆ ಹತ್ತಿರ, ಹೊಲಕ್ಕೆ ಭಾರ

ಪ್ರಯಾಣಿಕರ ಕಡೆಯಿಂದ ನೋಡಿದರೆ ಚಿಕ್ಕ ನಿಲ್ದಾಣಗಳು ಹಲವು ಇದ್ದರೆ ಒಳ್ಳೆಯದು ಅನಿಸುತ್ತದೆ. ಹೂವಿನ ಕಡೆಯಿಂದ ನೋಡಿದರೆ ಲೆಕ್ಕ ತಿರುಗುತ್ತದೆ.

ಫೆಬ್ರವರಿ 14ಕ್ಕೆ ಮುಂಚೆ ಹೊಸೂರು, ದೊಡ್ಡಬಳ್ಳಾಪುರದ ಪಾಲಿಹೌಸ್‌ಗಳಿಂದ ಕೆಂಪು ಗುಲಾಬಿ, ಅದರಲ್ಲೂ ತಾಜ್‌ಮಹಲ್ ತಳಿಯದು, ವಿದೇಶಕ್ಕೆ ಹೊರಡುತ್ತದೆ. ಬೆಳಗಿನ ಹೊತ್ತು ಕೊಯ್ದು, ಉದ್ದ ನೋಡಿ ವಿಂಗಡಿಸಿ, ಶೀತಲ ಕೋಣೆಯಲ್ಲಿ ತಣ್ಣಗೆ ಮಾಡಿ, ತಂಪು ವ್ಯಾನಿನಲ್ಲಿ ನಿಲ್ದಾಣಕ್ಕೆ. ಅಲ್ಲಿ ಬೇಗ ಕೆಡುವ ಸರಕಿಗೆಂದೇ ಕೂಲ್‌ಪೋರ್ಟ್ ಇದೆ. ಸಿಂಗಪುರ, ಕ್ವಾಲಾಲಂಪುರಕ್ಕೆ ಹೋಗುವ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲೇ ಈ ಪೆಟ್ಟಿಗೆಗಳು ಹೋಗುತ್ತವೆ. ಹಾಗಾಗಿ ಬೆಳೆಗಾರರಿಗೆ ಬೇಕಾದದ್ದು ದಿನಕ್ಕೆ ಹಲವು ದೊಡ್ಡ ವಿದೇಶಿ ವಿಮಾನ ಹೊರಡುವ ಜಾಗ. ಹೊಸೂರಿನಲ್ಲಿ ಎಟಿಆರ್ ಮಾತ್ರ ಇಳಿಯುವ ರನ್‌ವೇ ಇದ್ದರೆ ಅಲ್ಲಿಯ ಗುಲಾಬಿಗೆ ಏನೂ ಲಾಭವಿಲ್ಲ. ತರಕಾರಿ, ಮಾವು, ಕೊತ್ತಂಬರಿ ಸೊಪ್ಪಿಗೂ ಇದೇ ಮಾತು. 2024–25ರಲ್ಲಿ ದೇವನಹಳ್ಳಿಯಿಂದ ಹೋಗಿ ಬಂದ ಸರಕು 5 ಲಕ್ಷ ಟನ್ ದಾಟಿತು. ಬೇಗ ಕೆಡುವ ಸರಕಿನಲ್ಲಿ ಇದು ದೇಶದ ಮುಂಚೂಣಿಯ ನಿಲ್ದಾಣ. ಎಲ್ಲವೂ ಒಂದೇ ಕಡೆ ಸೇರಿದ್ದರಿಂದ ಇದು ಸಾಧ್ಯವಾಯಿತು. ಷರತ್ತಿನ ಒಳ್ಳೆಯ ಮುಖ ನೋಡಬೇಕೆಂದರೆ ಇಲ್ಲಿ ನೋಡಬೇಕು.

ಇದೇ ಹತ್ತಿರದ ಹೊಲಗಳ ಮೇಲೆ ಭಾರ ಬಿದ್ದಿತು. ಮೊದಲು ನಿಲ್ದಾಣಕ್ಕೇ ಸುಮಾರು 4,000 ಎಕರೆ. ಅಣ್ಣೇಶ್ವರ, ಬೆಟ್ಟಕೋಟೆ, ಗಂಗಮುತ್ತನಹಳ್ಳಿ, ಯರ್ತಿಗಾನಹಳ್ಳಿ ಕಡೆಯ ರಾಗಿ, ದ್ರಾಕ್ಷಿ, ಚಕ್ಕೋತದ ಸೀಮೆ ಇದು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತು ಕೂಡ ಇದೆ. ಆಮೇಲೆ ವಿಮಾನ ಬಿಡಿಭಾಗಗಳ ಏರೋಸ್ಪೇಸ್ ಪಾರ್ಕ್. 2024ರ ಜನವರಿಯಲ್ಲಿ ಬೋಯಿಂಗ್‌ನ 43 ಎಕರೆಯ ಕ್ಯಾಂಪಸ್ ಉದ್ಘಾಟನೆಯಾಯಿತು. ಐಫೋನ್ ಜೋಡಿಸುವ ಫಾಕ್ಸ್‌ಕಾನ್ 300 ಎಕರೆಯಲ್ಲಿ ಬಂತು. ಇವು ಬಂದದ್ದು ನಿಲ್ದಾಣ ಪಕ್ಕದಲ್ಲಿದೆ ಅಂತಲೇ. ಸಾವಿರಾರು ಹುಡುಗಿಯರಿಗೆ, ಹುಡುಗರಿಗೆ ಅಲ್ಲಿ ಕೆಲಸ ಸಿಗುತ್ತಿದೆ, ಅದು ಸಣ್ಣ ಮಾತಲ್ಲ.

ಆದರೆ ದೇವನಹಳ್ಳಿ ತಾಲ್ಲೂಕಿನದೇ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ ಇನ್ನೂ 1,777 ಎಕರೆ ಬೇಕು ಅಂದಾಗ ರೈತರು ಸಾಕು ಅಂದರು. 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಭೂಸ್ವಾಧೀನ ಕೈಬಿಡುವುದಾಗಿ ಹೇಳಿದರು. ಆ ರೈತರು ಅಭಿವೃದ್ಧಿಯ ವಿರೋಧಿಗಳು ಅಂತ ಆಗ ಕೆಲವರು ಆಡಿಕೊಂಡರು. ಅದು ನನಗೆ ನೋವು ತಂದ ಮಾತು. ಅವರ ತಾಲ್ಲೂಕು ಒಮ್ಮೆ 4,000 ಎಕರೆ ಕೊಟ್ಟಾಗಿದೆ. ಬೆಂಗಳೂರು ಪೇಟೆಗೆ ತರಕಾರಿ ಕಳಿಸುವ ಹೊಲಗಳವು. ನಿಲ್ದಾಣದ ಪ್ರಾದೇಶಿಕ ಪಾತ್ರ ಅಂದಾಗ ಈ ಹಳ್ಳಿಗಳೇ ಅದರ ಅತಿ ಹತ್ತಿರದ ಪ್ರದೇಶ ಎಂಬುದನ್ನು ನಾವು ಬಿಟ್ಟುಬಿಡುತ್ತೇವೆ.

2033ಕ್ಕೆ ಮೊದಲು

ಎರಡನೇ ನಿಲ್ದಾಣಕ್ಕೆ ರಾಜ್ಯ ಸರ್ಕಾರ ಮೂರು ಜಾಗ ಸೂಚಿಸಿದೆ. ಎರಡು ಕನಕಪುರ ರಸ್ತೆಯಲ್ಲಿ, ಚೂಡಹಳ್ಳಿ ಮತ್ತು ಸೋಮನಹಳ್ಳಿ ಹತ್ತಿರ. ಮೂರನೆಯದು ನೆಲಮಂಗಲದ ಹತ್ತಿರ, ಕುಣಿಗಲ್ ರಸ್ತೆಯಲ್ಲಿ. 2025ರ ಏಪ್ರಿಲ್‌ನಲ್ಲಿ ಪ್ರಾಧಿಕಾರದ ತಂಡ ಮೂರೂ ಜಾಗ ನೋಡಿ ಹೋಯಿತು. ಷರತ್ತು ಮುಗಿಯುವ ಹೊತ್ತಿಗೆ ಹೊಸದು ಸಿದ್ಧವಿರಬೇಕು ಎಂಬುದು ಮೂಲಸೌಕರ್ಯ ಸಚಿವ ಎಂ.ಬಿ. ಪಾಟೀಲರ ಮಾತು.

ಕಾಲದ ಲೆಕ್ಕ ಬಿಗಿಯಾಗಿದೆ. ದೇವನಹಳ್ಳಿಗೆ ಜಾಗ ಆರಿಸಿದ ವರ್ಷದಿಂದ ವಿಮಾನ ಇಳಿಯುವ ತನಕ 17 ವರ್ಷ ಹಿಡಿಯಿತು. 2025ರಿಂದ 2033ಕ್ಕೆ ಉಳಿಯುವುದು 8. ಆಕಾಶವೂ ಖಾಲಿ ಇಲ್ಲ. ಯಲಹಂಕದಲ್ಲಿ ವಾಯುಪಡೆ, ಊರೊಳಗೆ ಎಚ್‌ಎಎಲ್, ಜಕ್ಕೂರಿನಲ್ಲಿ ತರಬೇತಿ ವಿಮಾನಗಳು. ಏರೋ ಇಂಡಿಯಾ ನಡೆಯುವಾಗ ದೇವನಹಳ್ಳಿಯ ವಿಮಾನಗಳನ್ನೇ ಗಂಟೆಗಟ್ಟಲೆ ನಿಲ್ಲಿಸಬೇಕಾಗುತ್ತದೆ. ಇದರ ನಡುವೆ ಹೊಸೂರೂ, ಬೆಂಗಳೂರಿನ ಎರಡನೆಯದೂ ದಾರಿ ಹುಡುಕಬೇಕು. ಎರಡು ರಾಜ್ಯಗಳು ಕೂತು ಮಾತಾಡದೆ ಇದು ಆಗುವ ಕೆಲಸವಲ್ಲ.

ಕನಕಪುರ ರಸ್ತೆಗೆ ಒಂದು ಬಲವಿದೆ. ಹಸಿರು ಮೆಟ್ರೊ 2021ರಿಂದ ರೇಷ್ಮೆ ಸಂಸ್ಥೆ ತನಕ ಬರುತ್ತದೆ, ಅಲ್ಲಿಂದ ಮುಂದಕ್ಕೆ ಎಳೆಯಬಹುದು. ದಕ್ಷಿಣ ಬೆಂಗಳೂರಿನವರು ಖುಷಿಪಡುತ್ತಾರೆ. ಆದರೆ ಅದರ ಮಗ್ಗುಲಲ್ಲೇ ಬನ್ನೇರುಘಟ್ಟ ಕಾಡಿದೆ, ಆನೆಗಳ ಓಡಾಟವಿದೆ. ಹೊಸೂರಿನಲ್ಲೂ ನಿಲ್ದಾಣ ಬಂದರೆ ಎರಡೂ ಒಂದೇ ಕಡೆಯ ಜನಕ್ಕಾಗಿ ಹೋರಾಡಬೇಕಾಗುತ್ತದೆ.

ನನ್ನ ಒಲವು ಕುಣಿಗಲ್ ರಸ್ತೆಗೆ. ದೇವನಹಳ್ಳಿ ಉತ್ತರಕ್ಕಿದೆ, ಹೊಸೂರು ಆಗ್ನೇಯಕ್ಕಿದೆ. ಪಶ್ಚಿಮದ ಕಡೆ ಏನೂ ಇಲ್ಲ. ತುಮಕೂರಿನ ದಕ್ಷಿಣದ ತಾಲ್ಲೂಕುಗಳು, ಮಾಗಡಿ, ನಾಗಮಂಗಲ, ಹಾಸನ ಜಿಲ್ಲೆಯ ಚನ್ನರಾಯಪಟ್ಟಣ, ಹಾಸನ, ಇವರೆಲ್ಲ ಬೆಂಗಳೂರಿನೊಳಗೆ ನುಗ್ಗದೆ ಅಲ್ಲಿಗೆ ಬರಬಹುದು. ಮುಖ್ಯವಾಗಿ ಅಲ್ಲಿ ಹಳಿ ಆಗಲೇ ಇದೆ. ಯಶವಂತಪುರದಿಂದ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ಮಾರ್ಗ 2017ರಲ್ಲಿ ಪೂರ್ತಿಯಾಯಿತು. ಜಮೀನಿನ ವಿಷಯದಲ್ಲಿ ಮಾತ್ರ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಕೇಳಿದ ಪ್ರಶ್ನೆಯನ್ನು ಇಲ್ಲಿ ಮೊದಲ ದಿನವೇ ಎತ್ತಿಕೊಳ್ಳಬೇಕು. ನಿಲ್ದಾಣಕ್ಕೆ ಎಷ್ಟು ಎಕರೆ, ಅದರ ಹೆಸರಲ್ಲಿ ಮುಂದೆ ಬರುವ ಪಾರ್ಕು, ಬಡಾವಣೆಗೆ ಎಷ್ಟು, ಎರಡನ್ನೂ ಬೇರೆ ಬೇರೆ ಮಾಡಿ ಹಳ್ಳಿಯವರ ಮುಂದೆ ಇಡಬೇಕು.

ಹೊಸ ಒಪ್ಪಂದದಲ್ಲೂ ಹೂಡಿಕೆದಾರರು ರಕ್ಷಣೆ ಕೇಳಿಯೇ ಕೇಳುತ್ತಾರೆ. ಕೊಡಬೇಕಾದರೆ ಕೊಡಲಿ, ಆದರೆ ವರ್ಷಗಳ ಬದಲು ಪ್ರಯಾಣಿಕರ ಸಂಖ್ಯೆಗೆ ಕಟ್ಟಿ ಕೊಡಲಿ. ಇಷ್ಟು ಕೋಟಿ ಜನ ದಾಟಿದ ದಿನ ರಕ್ಷಣೆ ಮುಗಿಯಿತು ಅಂತ ಬರೆಯಲಿ. ಕುಣಿಗಲ್ ಕಡೆಯ ಆ ಹಳಿ ಈಗ ಒಂಟಿ ಹಳಿ. ಅದನ್ನು ಜೋಡಿ ಹಳಿ ಮಾಡುವ ಕೆಲಸಕ್ಕೆ ಹಣವನ್ನೂ ಮುಗಿಸುವ ದಿನಾಂಕವನ್ನೂ ಅದೇ ಒಪ್ಪಂದದಲ್ಲಿ, ರನ್‌ವೇಗೆ ಹಾಕುವ ಗಡುವಿನ ಪಕ್ಕದಲ್ಲೇ ಬರೆಯಲಿ.